ಚಿಮಣಿಯಲ್ಲಿ ತಡೆದ ಆಮ್ಲ ಹಳ್ಳಕ್ಕೆ ಹೋಯಿತು: ನಗರ ಪಾಲಿಕೆಗಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬಹಿರಂಗ ಪತ್ರ

ಕರ್ನಾಟಕದ ಮಹಾನಗರ ಪಾಲಿಕೆಗಳ ಸದಸ್ಯರು ಮತ್ತು ಆಯುಕ್ತರಿಗೆ,
ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷರು ಮತ್ತು ಪರಿಸರ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮಲ್ಲಿ ನಮ್ಮದು ಒಂದೇ ಕೋರಿಕೆ. ಆಮ್ಲ, ಕ್ಷಾರ, ಬಣ್ಣ, ಲೋಹದ ಲವಣ ಬಳಸುವ ಪ್ರತಿಯೊಂದು ಕಾರ್ಖಾನೆಯಲ್ಲೂ ಒಳಗೆ ಹೋದ ಸರಕಿನ ತೂಕಕ್ಕೂ, ಗಾಳಿ, ನೀರು, ಸ್ಲಡ್ಜ್ (ಕೆಸರಿನಂಥ ತ್ಯಾಜ್ಯ) ರೂಪದಲ್ಲಿ ಹೊರಗೆ ಬಂದದ್ದರ ತೂಕಕ್ಕೂ ವರ್ಷಕ್ಕೊಮ್ಮೆಯಾದರೂ ತಾಳೆ ನೋಡಿ. ಚಿಮಣಿಯಲ್ಲಿ ಒಂದು ಅಂಕಿ, ಚರಂಡಿಯ ಬಾಯಲ್ಲಿ ಇನ್ನೊಂದು ಅಂಕಿ ಬರೆದುಕೊಂಡು, ಎರಡೂ ಮಿತಿಯೊಳಗಿವೆ ಎಂದು ಫೈಲು ಮುಚ್ಚಬೇಡಿ.

ಈ ಮಾತಿಗೆ ನಮ್ಮ ಆಧಾರ ಇಂಗ್ಲೆಂಡಿನ ಲಂಕಾಷೈರ್ ಸೀಮೆಯಲ್ಲಿ 19ನೇ ಶತಮಾನದಲ್ಲಿ ಬೆಳೆದ ಸೋಡಾ (ಬಟ್ಟೆ ಒಗೆಯುವ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್) ಉದ್ಯಮ. ಕಾರ್ಖಾನೆಯ ವಿಷಗಾಳಿಗೆ ಅಂಕಿಯಲ್ಲೇ ಮಿತಿ ಹಾಕಿ, ಅದನ್ನು ಅಳೆಯಲು ರಸಾಯನಶಾಸ್ತ್ರ ಬಲ್ಲ ಅಧಿಕಾರಿಯನ್ನು ಸರ್ಕಾರವೇ ನೇಮಿಸಿದ ಕಾನೂನು ಅಲ್ಲಿಂದ ಬಂತು. ಅದು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದಕ್ಕೆ ದಾಖಲೆಗಳಿವೆ. ಸೋತ ಜಾಗ ಯಾವುದು ಎಂದು ಗೊತ್ತಿದ್ದೂ ನಾವು ಅದೇ ಜಾಗದಲ್ಲಿ ಎಡವುವುದು ಸರಿಯಲ್ಲ.

ಗಾಜು, ಸಾಬೂನು, ಹತ್ತಿಬಟ್ಟೆ ಮೂರಕ್ಕೂ ಸೋಡಾ ಬೇಕು. ಫ್ರಾನ್ಸಿನ ನಿಕೊಲಾ ಲಬ್ಲಾಂ 1791ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಅದನ್ನು ಅಡುಗೆ ಉಪ್ಪಿನಿಂದ ಮಾಡುತ್ತಿದ್ದರು. ಮೊದಲ ಹಂತದಲ್ಲಿ ಉಪ್ಪಿಗೆ ಸಲ್ಫ್ಯೂರಿಕ್ ಆಮ್ಲ ಸುರಿದು ಕಾಯಿಸಬೇಕು. 100 ಕೆಜಿ ಉಪ್ಪಿಗೆ ಸುಮಾರು 84 ಕೆಜಿ ಆಮ್ಲ. ಕೊನೆಗೆ 121.5 ಕೆಜಿ ಸೋಡಿಯಂ ಸಲ್ಫೇಟ್ ಉಳಿಯುತ್ತದೆ, 62 ಕೆಜಿಗೂ ಸ್ವಲ್ಪ ಹೆಚ್ಚು ಹೈಡ್ರೋಕ್ಲೋರಿಕ್ ಆಮ್ಲ ಅನಿಲವಾಗಿ ಮೇಲೇಳುತ್ತದೆ. ಎರಡನೇ ಹಂತದಲ್ಲಿ ಆ ಸಲ್ಫೇಟಿಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಸುಣ್ಣದ ಕಲ್ಲು, ಅದರ ಅರ್ಧದಷ್ಟು ಕಲ್ಲಿದ್ದಲು ಬೆರೆಸಿ ಕುಲುಮೆಯಲ್ಲಿ ಕರಗಿಸಿ, ಬಂದ ಕಪ್ಪು ಗಟ್ಟಿಯನ್ನು ನೀರಿನಲ್ಲಿ ನೆನೆಸಿದರೆ ಸೋಡಾ ನೀರಿಗಿಳಿಯುತ್ತದೆ. ಕರಗದೆ ಉಳಿಯುವುದು ಕ್ಯಾಲ್ಸಿಯಂ ಸಲ್ಫೈಡ್. ಮೂಲದ 100 ಕೆಜಿ ಉಪ್ಪಿಗೆ ಲೆಕ್ಕದ ಪ್ರಕಾರ ಮಾರುವ ಸೋಡಾ 91 ಕೆಜಿ, ಗಾಳಿಗೆ ಹೋಗುವ ಆಮ್ಲ 62 ಕೆಜಿ, ನೆಲದ ಮೇಲೆ ಸುರಿಯುವ ಸಲ್ಫೈಡ್ 62 ಕೆಜಿ. ನಿಜವಾದ ಕಾರ್ಖಾನೆಯಲ್ಲಿ ಉರಿಯದ ಇದ್ದಲು, ಹೆಚ್ಚಾದ ಸುಣ್ಣ, ನೀರು ಎಲ್ಲ ಸೇರಿ ಕೊನೆಯದರ ತೂಕ ಇನ್ನೂ ಏರುತ್ತಿತ್ತು. ವಿಡ್ನೆಸ್ ಊರಿನವರು ಈ ಬೂದುಬಣ್ಣದ ಕೆಸರನ್ನು ಗ್ಯಾಲಿಗು ಎಂದು ಕರೆಯುತ್ತಿದ್ದರು.

ಈ ಮೂರು ಅಂಕಿಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದಿನ 60 ವರ್ಷಗಳ ಪಾಲಿಕೆ ನಿರ್ಣಯ, ಕೋರ್ಟ್ ತೀರ್ಪು, ಪಾರ್ಲಿಮೆಂಟಿನ ಕಾನೂನು ಯಾವುದೂ ಈ ತೂಕವನ್ನು ಕಡಿಮೆ ಮಾಡಲಿಲ್ಲ. ಅದು ಹೋಗುವ ದಾರಿ ಮಾತ್ರ ಬದಲಾಗುತ್ತಾ ಬಂತು.

ಮೊದಲು ಬದಲಾದದ್ದು ಊರು. ಉಪ್ಪಿನ ಮೇಲಿನ ಸುಂಕ ಇಳಿದ 1823ರ ಹೊತ್ತಿಗೆ ಜೇಮ್ಸ್ ಮಸ್ಪ್ರಾಟ್ ಲಿವರ್‌ಪೂಲಿನ ವಾಕ್ಸ್‌ಹಾಲ್ ರಸ್ತೆಯಲ್ಲಿ ಸೋಡಾ ಕಾರ್ಖಾನೆ ಹೂಡಿದ. ಆಮ್ಲದ ಅನಿಲ ಗಾಳಿಯ ತೇವ ಹೀರಿ ಬಿಳಿ ಮಂಜಾಗಿ ತಗ್ಗಿನಲ್ಲೇ ಹರಿಯುತ್ತದೆ. ಬೇಲಿಯ ಗಿಡಗಳ ಎಲೆ ಕಂದಿ ಉದುರಿದವು, ಕಬ್ಬಿಣಕ್ಕೆ ತುಕ್ಕು ಹಿಡಿಯಿತು, ಜನ ಕೆಮ್ಮಿದರು. 1838ರಲ್ಲಿ ಲಿವರ್‌ಪೂಲ್ ಕಾರ್ಪೊರೇಶನ್ನೇ ಅವನ ಮೇಲೆ ಸಾರ್ವಜನಿಕ ಉಪದ್ರವದ ಮೊಕದ್ದಮೆ ಹೂಡಿ ಗೆದ್ದಿತು. ನಗರಾಡಳಿತವೊಂದು ಧೈರ್ಯ ತೋರಿದ ಉದಾಹರಣೆ ಇದು. ಅದನ್ನು ನಾವು ಗೌರವದಿಂದಲೇ ನೆನೆಯುತ್ತೇವೆ. ಆದರೆ ಮಸ್ಪ್ರಾಟ್ ಮಾಡಿದ್ದಿಷ್ಟೆ: ಕೆಲಸವನ್ನು ಒಳನಾಡಿನ ನ್ಯೂಟನ್ ಕಡೆಗೆ ಸಾಗಿಸಿದ. ಅಲ್ಲಿಯ ಜಮೀನುದಾರರೂ ದಾವೆ ಹೂಡಿ ಬೆನ್ನುಬಿದ್ದಾಗ 1850ರ ಹೊತ್ತಿಗೆ ಅಲ್ಲಿಂದಲೂ ಎದ್ದು ವಿಡ್ನೆಸ್ ಮತ್ತು ಫ್ಲಿಂಟ್ ಸೇರಿಕೊಂಡ. ಲಿವರ್‌ಪೂಲಿನ ಲೆಕ್ಕದಲ್ಲಿ ಮಾಲಿನ್ಯ ತಗ್ಗಿತು, ಸೀಮೆಯ ಲೆಕ್ಕದಲ್ಲಿ ಹೆಚ್ಚಾಯಿತು.

ಚಿಮಣಿ ಎತ್ತರಿಸುವುದು ಇದೇ ಉಪಾಯದ ಇನ್ನೊಂದು ರೂಪ. ಗ್ಲಾಸ್ಗೋದ ಸೇಂಟ್ ರೊಲಾಕ್ಸ್ ಕಾರ್ಖಾನೆಯವರು 1842ರಲ್ಲಿ 435 ಅಡಿಗೂ ಎತ್ತರದ ಚಿಮಣಿ ಕಟ್ಟಿದರು. ಪಕ್ಕದ ಬೀದಿಯವರಿಗೆ ಕೊಂಚ ಬಿಡುವು ಸಿಕ್ಕಿತು ಅಷ್ಟೆ, ಅದೇ ಆಮ್ಲ ದೂರದ ಹೊಲಗಳಿಗೆ ಇಳಿಯಿತು. ನಮ್ಮಲ್ಲಿ ಈಗಲೂ ದೂರು ಬಂದ ಕೂಡಲೇ ಚಿಮಣಿಗೆ ಇನ್ನಷ್ಟು ಮೀಟರ್ ಸೇರಿಸಿ ಎಂಬ ಆದೇಶ ಹೊರಡುವುದುಂಟು.

ಸ್ಥಳೀಯ ಆಡಳಿತಗಳ ಕೈಯಲ್ಲಿದ್ದ ಕಾನೂನು ಉಪದ್ರವದ ಕಾನೂನು. ಹಾನಿ ಆದಮೇಲೆ ದೂರು, ದೂರಿನ ಮೇಲೆ ಸಾಕ್ಷಿ, ಸಾಕ್ಷಿಯ ಮೇಲೆ ದಂಡ. ಒಂದೇ ಚಿಮಣಿ ಇರುವ ಊರಿನಲ್ಲಿ ಇದು ನಡೆದೀತು. ಸೇಂಟ್ ಹೆಲೆನ್ಸ್‌ನಂಥ ಊರಲ್ಲಿ ಸೋಡಾ, ತಾಮ್ರ, ಗಾಜು ಕಾರ್ಖಾನೆಗಳು ಒತ್ತೊತ್ತಾಗಿ ನಿಂತಿರುವಾಗ ಈ ಮರ ಒಣಗಿದ್ದು ಯಾರ ಹೊಗೆಯಿಂದ ಎಂದು ತೋರಿಸುವುದು ಹೇಗೆ? ಪ್ರತಿಯೊಬ್ಬ ಮಾಲೀಕನೂ ಪಕ್ಕದವನ ಕಡೆ ಬೆರಳು ತೋರಿಸಿದ. ಪಾಲಿಕೆಯ ಉಪದ್ರವ ನಿರೀಕ್ಷಕನಿಗೆ ಹಂದಿದೊಡ್ಡಿ, ತಿಪ್ಪೆ, ಪಾಯಖಾನೆ ನೋಡಿ ಗೊತ್ತಿತ್ತೇ ಹೊರತು ಅನಿಲ ಅಳೆಯುವ ವಿದ್ಯೆ ಗೊತ್ತಿರಲಿಲ್ಲ. ಇನ್ನು ಅಧಿಕಾರದ ಮಾತು: ಸೇಂಟ್ ಹೆಲೆನ್ಸ್ 1868ರಲ್ಲಿ ಪುರಸಭೆಯಾದಾಗ ಅದರ ಮೊದಲ ಮೇಯರ್ ಆದವರು ಡೇವಿಡ್ ಗ್ಯಾಂಬಲ್, ಊರಿನ ದೊಡ್ಡ ಸೋಡಾ ತಯಾರಕರಲ್ಲಿ ಒಬ್ಬರು. ಅವರು ಊರಿಗೆ ಗ್ರಂಥಾಲಯ, ತಾಂತ್ರಿಕ ಶಾಲೆಗೆ ಕಟ್ಟಡ ಕಟ್ಟಿಸಿಕೊಟ್ಟ ದಾನಿಯೂ ಹೌದು. ವ್ಯಕ್ತಿ ಒಳ್ಳೆಯವರೋ ಕೆಟ್ಟವರೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ತೆರಿಗೆ ಕಟ್ಟುವವನು, ಕೂಲಿ ಕೊಡುವವನು, ಸಭೆ ನಡೆಸುವವನು ಒಬ್ಬನೇ ಆದಾಗ ಆ ಸಭೆಯ ಕೈಕೆಳಗಿನ ನಿರೀಕ್ಷಕ ಅವನ ಕಾರ್ಖಾನೆಯ ಬಾಗಿಲು ತಟ್ಟುವುದು ಕಷ್ಟ.

ಖಾಸಗಿ ದಾವೆ ಯಾರಿಗೆ ದಕ್ಕುತ್ತದೆ ಎಂಬುದನ್ನು 1865ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಟಿಪ್ಪಿಂಗ್ ಪ್ರಕರಣ ಸ್ಪಷ್ಟ ಮಾಡಿತು. ಸೇಂಟ್ ಹೆಲೆನ್ಸ್ ಬಳಿ 1,300 ಎಕರೆಯ ಜಮೀನು ಕೊಂಡಿದ್ದ ಟಿಪ್ಪಿಂಗ್ ಅವರ ಮರಗಿಡಗಳಿಗೆ ತಾಮ್ರದ ಕುಲುಮೆಯ ಹೊಗೆಯಿಂದ ನಷ್ಟವಾಗಿತ್ತು. ಆಸ್ತಿಗೆ ಕಣ್ಣಿಗೆ ಕಾಣುವ ಹಾನಿಯಾದರೆ ಕೈಗಾರಿಕಾ ಪ್ರದೇಶ ಎಂಬ ನೆಪ ನಡೆಯದು ಎಂದು ನ್ಯಾಯಪೀಠ ಹೇಳಿತು. ಬರಿಯ ಕೆಮ್ಮು, ದುರ್ನಾತ, ಉಸಿರುಕಟ್ಟಿಗೆ ಮಾತ್ರ ಊರು ಎಂಥದ್ದು ಎಂದು ನೋಡಬೇಕು ಎಂದಿತು. ಮರವಿದ್ದವನಿಗೆ ಪರಿಹಾರ ಸಿಕ್ಕಿತು. ಬಾಡಿಗೆ ಕೋಣೆಯ ಕುಲುಮೆ ಕೆಲಸಗಾರನಿಗೆ ಏನೂ ಸಿಗಲಿಲ್ಲ.

ಇದಕ್ಕೆ ಪರಿಹಾರ ಬಹಳ ಮೊದಲೇ ಕೈಯಲ್ಲಿತ್ತು ಎಂಬುದು ನಮ್ಮನ್ನು ಇಂದಿಗೂ ಕಾಡುವ ಸಂಗತಿ. 1836ರಲ್ಲೇ ವಿಲಿಯಂ ಗಾಸೇಜ್ ಎಂಬಾತ ವುಸ್ಟರ್‌ಷೈರಿನ ಸ್ಟೋಕ್ ಪ್ರಯರ್‌ನಲ್ಲಿ ಪಾಳುಬಿದ್ದ ಗಾಳಿಗಿರಣಿಯೊಂದರ ಒಳಗೆ ಮುಳ್ಳುಪೊದೆ, ಕಡ್ಡಿಗಳನ್ನು ತುಂಬಿ, ಮೇಲಿನಿಂದ ನೀರು ಬಿಟ್ಟು, ಆಮ್ಲದ ಅನಿಲವನ್ನು ಅದರೊಳಗೆ ಹಾಯಿಸಿದ್ದ. ತತ್ತ್ವ ಸರಳ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ನೀರೆಂದರೆ ಬಲು ಒಲವು, ಆದರೆ ಅನಿಲ ನೀರನ್ನು ಮುಟ್ಟಲು ಒದ್ದೆಯಾದ ಮೈ ಬೇಕು. ತೊಟ್ಟಿಯ ನೀರಿನ ಮೇಲೆ ಅನಿಲ ಹಾಯಿಸಿದರೆ ಮೇಲ್ಮೈಯಷ್ಟೇ ಸಿಗುತ್ತದೆ, ಕಡ್ಡಿ ತುಂಬಿದ ಗೋಪುರದಲ್ಲಿ ಪ್ರತಿ ಕಡ್ಡಿಯ ಸುತ್ತಲೂ ನೀರಿನ ತೆಳುಪೊರೆ ಸಿಗುತ್ತದೆ. ಮುಂದೆ ಕಡ್ಡಿಯ ಬದಲು ಕೋಕ್ ಇದ್ದಲಿನ ತುಂಡು ತುಂಬಿದರು, ಗೋಪುರವನ್ನು ಡಾಂಬರಿನಲ್ಲಿ ಕುದಿಸಿದ ಕಲ್ಲುಚಪ್ಪಡಿಗಳಿಂದ ಕಟ್ಟಿದರು.

ಈ ಗೋಪುರ ಎಲ್ಲೆಲ್ಲಿ ಕೈಕೊಡುತ್ತಿತ್ತು ಎಂಬುದು ಅನುಷ್ಠಾನದ ಹೊಣೆ ಹೊತ್ತ ನಿಮಗೆ ಮುಖ್ಯ. ಕೋಕ್ ತುಂಡುಗಳನ್ನು ಸಮನಾಗಿ ಜೋಡಿಸದಿದ್ದರೆ ನೀರು ಒಂದು ಬದಿಯಲ್ಲಿ, ಅನಿಲ ಇನ್ನೊಂದು ಬದಿಯಲ್ಲಿ ದಾರಿ ಮಾಡಿಕೊಂಡು ಒಂದನ್ನೊಂದು ಮುಟ್ಟದೆ ಹೋಗುತ್ತವೆ. ಅನಿಲ ಬಿಸಿಯಾಗಿದ್ದರೆ ನೀರು ಅದನ್ನು ಹೀರುವುದು ಕಡಿಮೆ. ಹೀರುವಾಗ ಹುಟ್ಟುವ ಶಾಖ ಬೇರೆ ಸೇರುತ್ತದೆ. ಆದ್ದರಿಂದ ಕುಲುಮೆಗೂ ಗೋಪುರಕ್ಕೂ ನಡುವೆ ಉದ್ದದ ಕೊಳವೆ ಹಾಕಿ ತಣಿಸಬೇಕಿತ್ತು. ಕೆಳಗಿಳಿದ ಆಮ್ಲ ಗಟ್ಟಿಯಾದಷ್ಟೂ, ಅಂದರೆ ಅದರಲ್ಲಿ ನೀರಿನ ಪಾಲು ಕಡಿಮೆಯಾದಷ್ಟೂ, ಅದರ ಮೇಲೆ ಅನಿಲ ಮತ್ತೆ ಆವಿಯಾಗಿ ಏಳುತ್ತದೆ. ಹಾಗಾಗಿ ಮಾರುವಷ್ಟು ಗಟ್ಟಿ ಆಮ್ಲ ಬೇಕೆಂದು ನೀರು ಕಡಿಮೆ ಬಿಟ್ಟವನ ಚಿಮಣಿ ಹೊಗೆಯುಗುಳುತ್ತಿತ್ತು, ಚಿಮಣಿ ಶುದ್ಧವಾಗಿರಲೆಂದು ನೀರು ಹೆಚ್ಚು ಬಿಟ್ಟವನಿಗೆ ಯಾರೂ ಕೊಳ್ಳದ ಸಪ್ಪೆ ಆಮ್ಲ ರಾಶಿರಾಶಿ ಉಳಿಯುತ್ತಿತ್ತು. ಎರಡನ್ನೂ ಸಾಧಿಸಲು ಎರಡು ಗೋಪುರ ಬೇಕು: ಮೊದಲನೆಯದರಲ್ಲಿ ಗಟ್ಟಿ ಆಮ್ಲ, ಎರಡನೆಯದರಲ್ಲಿ ಉಳಿದದ್ದನ್ನು ತೊಳೆಯುವ ಹೊಸ ನೀರು.

ಕುಲುಮೆಯ ಕಡೆಯೂ ತೊಡಕಿತ್ತು. ಉಪ್ಪು ಮತ್ತು ಆಮ್ಲದ ಕ್ರಿಯೆ ಎರಡು ಸಲಕ್ಕೆ ಮುಗಿಯುತ್ತದೆ. ಮೊದಲು ಎರಕದ ಕಬ್ಬಿಣದ ಬಾಣಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅನಿಲ ಸರ್ರನೆ ಏಳುತ್ತದೆ. ಉಳಿದದ್ದನ್ನು ಬಿಡಿಸಲು ಆ ಮುದ್ದೆಯನ್ನು ಪಕ್ಕದ ಕುಲುಮೆಗೆ ತಳ್ಳಿ ಕೆಂಪಗೆ ಕಾಯಿಸಬೇಕು. ಬಾಣಲೆಗೆ ಆಮ್ಲವನ್ನು ಒಮ್ಮೆಗೇ ಸುರಿದರೆ ಅನಿಲದ ಅಲೆ ಗೋಪುರದ ಶಕ್ತಿ ಮೀರಿ ಬರುತ್ತದೆ. ದಿನದ ಸರಾಸರಿ ಸರಿಯಿದ್ದರೂ ಆ ಹೊತ್ತಿನ ಸೋರಿಕೆ ಬೇಲಿಯನ್ನು ಸುಡುತ್ತದೆ. ಕುಲುಮೆ ತೆರೆದ ಬಗೆಯದಾದರೆ ಬೆಂಕಿಯ ಹೊಗೆಯೂ ಆಮ್ಲದ ಅನಿಲವೂ ಬೆರೆತು ತೆಳುವಾಗಿ, ಬಿಸಿಯಾಗಿ ಬರುವುದರಿಂದ ಹೀರುವುದು ಇನ್ನೂ ಕಷ್ಟ. ಬೆಂಕಿಯನ್ನು ಹೊರಗಿಟ್ಟು ಇಟ್ಟಿಗೆಯ ಗೂಡಿನೊಳಗೆ ಕಾಯಿಸುವ ಕುಲುಮೆಯಲ್ಲಿ ಈ ತೊಂದರೆ ಇಲ್ಲ, ಆದರೆ ಇಟ್ಟಿಗೆ ಬಿರುಕುಬಿಟ್ಟರೆ ಅನಿಲ ಗೋಪುರ ಸೇರದೆ ನೇರ ಹೊಗೆದಾರಿಗೆ ಹೋಗುತ್ತದೆ. ಬಾಗಿಲು ತೆರೆದು ಮುದ್ದೆ ತಿರುವುವಾಗ ಏಳುವ ಆವಿ ಯಾವ ಚಿಮಣಿಗೂ ಸೇರದೆ ಕೆಲಸಗಾರನ ಮುಖಕ್ಕೇ ಬಡಿಯುತ್ತಿತ್ತು. ಆ ಕುಲುಮೆಯವರ ಹಲ್ಲುಗಳು ಆಮ್ಲಕ್ಕೆ ಸವೆದುಹೋಗುತ್ತಿದ್ದವು. ಚಿಮಣಿಯಲ್ಲಷ್ಟೇ ಅಳೆಯುವ ಕಾನೂನಿಗೆ ಆ ಹಲ್ಲುಗಳು ಕಾಣಲಿಲ್ಲ.

ಜಮೀನುದಾರರ ಒತ್ತಾಯದಿಂದ 1862ರಲ್ಲಿ ಲಾರ್ಡ್ ಡರ್ಬಿ ನೇತೃತ್ವದ ಸಮಿತಿ ಕೂತಿತು, 1863ರಲ್ಲಿ ಆಲ್ಕಲಿ (ಕ್ಷಾರ, ಇಲ್ಲಿ ಸೋಡಾ) ಕಾಯ್ದೆ ಬಂತು, 1864ರ ಜನವರಿ 1ರಿಂದ ಜಾರಿಯಾಯಿತು. ಕಾಯ್ದೆ ಚಿಕ್ಕದು, ಹಿಡಿತ ಬಿಗಿ. ಪ್ರತಿ ಸೋಡಾ ಕಾರ್ಖಾನೆ ನೋಂದಣಿಯಾಗಬೇಕು. ಹುಟ್ಟಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕನಿಷ್ಠ 95 ಪ್ರತಿಶತವನ್ನು ನೀರಿಗಿಳಿಸಬೇಕು. ನಿರೀಕ್ಷಕ ಹಗಲಾಗಲಿ ರಾತ್ರಿಯಾಗಲಿ ಮುನ್ಸೂಚನೆ ಕೊಡದೆ ಒಳಗೆ ಹೋಗಬಹುದು. ಹಾನಿ ತೋರಿಸುವ ಹೊಣೆ ಯಾರ ಮೇಲೂ ಇಲ್ಲ, ಅಂಕಿ ಮೀರಿದ್ದೇ ತಪ್ಪು. ನಿರೀಕ್ಷಕ ಊರಿನ ಪುರಸಭೆಗೆ ಉತ್ತರಿಸಬೇಕಿಲ್ಲ, ಲಂಡನ್ನಿನ ವಾಣಿಜ್ಯ ಮಂಡಳಿಗೆ ಉತ್ತರಿಸಬೇಕು. ಮೊದಲ ನಿರೀಕ್ಷಕ ರಾಬರ್ಟ್ ಆಂಗಸ್ ಸ್ಮಿತ್, ಮ್ಯಾಂಚೆಸ್ಟರಿನ ಮಳೆನೀರು ಪರೀಕ್ಷಿಸಿ ಹೆಸರಾಗಿದ್ದ ರಸಾಯನಶಾಸ್ತ್ರಜ್ಞ. ಕೈಕೆಳಗೆ ನಾಲ್ವರು ಉಪನಿರೀಕ್ಷಕರು.

ಅವರು ಅಳೆದ ಬಗೆ ನೋಡಿ. ಹೊಗೆದಾರಿಯಲ್ಲಿ ತೂತು ಮಾಡಿ, ಗೊತ್ತಾದ ಗಾತ್ರದ ಅನಿಲವನ್ನು ಎಳೆದು ನೀರಿನ ಮೂಲಕ ಹಾಯಿಸಬೇಕು. ಆ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದರೆ ಆಮ್ಲದ ಕ್ಲೋರೈಡ್ ಬಿಳಿ ಗಷ್ಟಾಗಿ ಇಳಿಯುತ್ತದೆ. ಅದರಿಂದ ಒಂದು ಘನ ಅಡಿಯಲ್ಲಿ ಆಮ್ಲ ಎಷ್ಟಿತ್ತು ಎಂದು ತಿಳಿಯುತ್ತದೆ. ಆದರೆ 95 ಪ್ರತಿಶತ ಎಂದು ಹೇಳಲು ಇಷ್ಟು ಸಾಲದು. ಗಂಟೆಗೆ ಎಷ್ಟು ಘನ ಅಡಿ ಅನಿಲ ಹೋಗುತ್ತಿದೆ ಎಂದು ಬೇಕು, ಅಂದರೆ ಹೊಗೆದಾರಿಯೊಳಗಿನ ವೇಗ ಬೇಕು. ಮಸಿ, ಬಿಸಿ, ಆಮ್ಲ ತುಂಬಿದ ಅಲ್ಲಿ ತಿರುಗುವ ಚಕ್ರದ ಉಪಕರಣ ಉಳಿಯದು. ಉಪನಿರೀಕ್ಷಕ ಆಲ್ಫ್ರೆಡ್ ಫ್ಲೆಚರ್ ಒಳಗೆ ಎರಡು ಕೊಳವೆ ತೂರಿಸಿ, ಒಂದರ ಬಾಯನ್ನು ಗಾಳಿಗೆ ಎದುರಾಗಿ ಬಾಗಿಸಿ, ಎರಡರ ಒತ್ತಡದ ಅಂತರವನ್ನು ಈಥರ್ ತುಂಬಿದ ಗಾಜಿನ ನಳಿಕೆಯಲ್ಲಿ ಓದಿದ. ನೀರಿಗಿಂತ ಹಗುರವಾದ ಈಥರ್ ಅಷ್ಟು ಸಣ್ಣ ಅಂತರಕ್ಕೂ ಓದಲು ಸಿಗುವಷ್ಟು ಸರಿಯುತ್ತದೆ. ಇದರ ಜೊತೆಗೆ ಬಾಣಲೆಗೆ ಹಾಕಿದ ಉಪ್ಪಿನ ತೂಕ. ಈ ಮೂರೂ ಇದ್ದರೇ ಪ್ರತಿಶತದ ಲೆಕ್ಕ. ಒಳಗೆ ಹೋದ ಉಪ್ಪನ್ನು ಕೇಳಿದ್ದೇ ಈ ಕಾಯ್ದೆಯ ಬಲ.

1864ರ ಮೊದಲ ವರದಿಯಲ್ಲಿ ಸರಾಸರಿ ಸೋರಿಕೆ 1.28 ಪ್ರತಿಶತಕ್ಕೆ ಇಳಿದಿತ್ತು. 1836ರಿಂದ ಕೈಯಲ್ಲಿದ್ದ ಗೋಪುರ 27 ವರ್ಷ ಅರ್ಧಂಬರ್ಧ ಬಳಕೆಯಲ್ಲಿತ್ತು, ಅಂಕಿಯೂ ನಿರೀಕ್ಷಕನೂ ಬಂದ ಒಂದೇ ವರ್ಷದಲ್ಲಿ ಸರಿಯಾಗಿ ದುಡಿಯತೊಡಗಿತು. ಮಾಲಿನ್ಯವನ್ನು ಮಾರುಕಟ್ಟೆಯೇ ಸರಿಪಡಿಸುತ್ತದೆ ಎನ್ನುವವರು ಈ ಆಮ್ಲದಿಂದ ಕ್ಲೋರಿನ್ ತೆಗೆದು ಬ್ಲೀಚಿಂಗ್ ಪೌಡರ್ ಮಾಡಿ ಲಾಭ ಗಳಿಸಿದ್ದನ್ನು ಎತ್ತಿ ತೋರಿಸುತ್ತಾರೆ. ಲಾಭ ಬಂದದ್ದು ನಿಜ. ಕಾಗದದ ಮೇಲಿನ ಸುಂಕ 1861ರಲ್ಲಿ ರದ್ದಾದ ಮೇಲೆ ಬೇಡಿಕೆ ಏರಿತು, ಆಮ್ಲದಿಂದ ಕ್ಲೋರಿನ್ ತೆಗೆಯುವಾಗ ಖರ್ಚಾದ ಮ್ಯಾಂಗನೀಸನ್ನು ಸುಣ್ಣ ಮತ್ತು ಗಾಳಿಯಿಂದ ಮರಳಿ ಪಡೆಯುವ ವೆಲ್ಡನ್ ವಿಧಾನ 1860ರ ದಶಕದ ಕೊನೆಯಲ್ಲಿ ಬಂತು. ಆದರೆ ಕ್ರಮ ಗಮನಿಸಿ: ಕಾಯ್ದೆ ಮೊದಲು, ಲಾಭ ಆಮೇಲೆ. ಕಾಯ್ದೆಯಿಂದಾಗಿ ಅಂಗಳದಲ್ಲಿ ಆಮ್ಲ ತುಂಬಿಕೊಂಡಾಗಲೇ ಅದಕ್ಕೊಂದು ಉಪಯೋಗ ಹುಡುಕುವ ತುರ್ತು ಹೆಚ್ಚಿತು.

ಇನ್ನು ಸೋತ ಕಡೆ. ವಾರಕ್ಕೆ 100 ಟನ್ ಉಪ್ಪು ಬಳಸುವ ಕಾರ್ಖಾನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹುಟ್ಟುವ ಆಮ್ಲ 62 ಟನ್. 95 ಪ್ರತಿಶತ ಹಿಡಿದರೆ ಗಾಳಿಗೆ ಹೋಗುವುದು 3 ಟನ್, ನೀರಿನಲ್ಲಿ ಉಳಿಯುವುದು 59 ಟನ್. 32 ಪ್ರತಿಶತದ ಗಟ್ಟಿ ದ್ರಾವಣ ಮಾಡಿದರೂ 185 ಟನ್ ದ್ರವ, ಸಪ್ಪೆಯಾದರೆ ಹಲವು ಪಟ್ಟು. ಎಲ್ಲಕ್ಕೂ ಗಿರಾಕಿ ಇರಲಿಲ್ಲ. ಚಿಮಣಿಯಲ್ಲಿ ತಡೆದದ್ದನ್ನು ಸೇಂಟ್ ಹೆಲೆನ್ಸ್‌ನಲ್ಲಿ ಸ್ಯಾಂಕಿ ಹಳ್ಳಕ್ಕೆ ಬಿಟ್ಟರು. ಕಾಯ್ದೆಯ ಪ್ರಕಾರ ಕಾರ್ಖಾನೆ ಶುದ್ಧ.

ಹಳ್ಳಕ್ಕೆ ಬಿದ್ದ ಆಮ್ಲ ಅಲ್ಲಿಗೇ ನಿಲ್ಲಲಿಲ್ಲ. ದಂಡೆಯುದ್ದಕ್ಕೂ ಸುರಿದಿದ್ದ ಗ್ಯಾಲಿಗು ರಾಶಿಗಳಿಂದ ಮಳೆಗೆ ಹಳದಿ ನೀರು ಜಿನುಗಿ ಅದೇ ಹಳ್ಳ ಸೇರುತ್ತಿತ್ತು. ಕ್ಯಾಲ್ಸಿಯಂ ಸಲ್ಫೈಡಿಗೆ ಹೈಡ್ರೋಕ್ಲೋರಿಕ್ ಆಮ್ಲ ತಾಕಿದ ಕೂಡಲೇ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಅದೇ ವಿಷಾನಿಲ. ಗಾಳಿಯಿಂದ ತೆಗೆದ ಒಂದು ವಿಷ ನೀರಿಗಿಳಿದು, ನೆಲದ ಇನ್ನೊಂದು ಕಸದೊಡನೆ ಕೂಡಿ, ಮೂರನೆಯ ವಿಷವಾಗಿ ಗಾಳಿಗೇ ಮರಳಿತು. 1863ರ ಕಾಯ್ದೆ ಈ ಮೂರನೆಯದನ್ನು ಅಳೆಯಲೇ ಇಲ್ಲ, ಅದರ ಪಟ್ಟಿಯಲ್ಲಿ ಇದ್ದದ್ದು ಹೈಡ್ರೋಕ್ಲೋರಿಕ್ ಆಮ್ಲ ಒಂದೇ. ಆಮ್ಲದ ಚರಂಡಿಯೂ ಗ್ಯಾಲಿಗುವಿನ ಬಸಿನೀರೂ ಕೂಡಬಾರದು ಎಂಬ ವಿಧಿಯನ್ನು 1881ರ ಕಾಯ್ದೆಯಲ್ಲಿ ನೋಡುತ್ತೇವೆ. ಅಷ್ಟರಲ್ಲಿ 18 ವರ್ಷ ಕಳೆದಿತ್ತು. ಗ್ಯಾಲಿಗುವಿನಿಂದ ಗಂಧಕವನ್ನು ಲಾಭದಾಯಕವಾಗಿ ಮರಳಿ ಪಡೆಯುವ ಚಾನ್ಸ್–ಕ್ಲೌಸ್ ವಿಧಾನ ಬಂದದ್ದು 1880ರ ದಶಕದ ಕೊನೆಗೆ. ಅದಕ್ಕೆ ಮೊದಲು ಸುರಿದದ್ದು ವಿಡ್ನೆಸ್‌ನ ಜೌಗುನೆಲವನ್ನು ತುಂಬಿ ಊರಿನ ತಳವೇ ಆಯಿತು.

ಪ್ರತಿಶತದ ನಿಯಮಕ್ಕೆ ಇನ್ನೊಂದು ದೌರ್ಬಲ್ಯ ಇತ್ತು. ಉತ್ಪಾದನೆ ದುಪ್ಪಟ್ಟಾದರೆ 5 ಪ್ರತಿಶತವೂ ದುಪ್ಪಟ್ಟು. ಆದ್ದರಿಂದ 1874ರ ತಿದ್ದುಪಡಿ ಸಾಂದ್ರತೆಯ ಮಿತಿಯನ್ನೂ ಸೇರಿಸಿತು: ಚಿಮಣಿಯ ಒಂದು ಘನ ಅಡಿ ಅನಿಲದಲ್ಲಿ 0.2 ಗ್ರೇನ್‌ಗಿಂತ (ಗ್ರೇನ್ ಆಗಿನ ಒಂದು ಸಣ್ಣ ತೂಕ) ಹೆಚ್ಚು ಆಮ್ಲ ಇರಕೂಡದು. ಇಂದಿನ ಲೆಕ್ಕದಲ್ಲಿ ಘನ ಮೀಟರಿಗೆ ಸುಮಾರು 460 ಮಿಲಿಗ್ರಾಂ. ಆದರೆ 95 ಪ್ರತಿಶತದ ನಿಯಮವನ್ನು ತೆಗೆಯಲಿಲ್ಲ, ಎರಡೂ ಒಟ್ಟಿಗೆ ನಡೆದವು. ಸಾಂದ್ರತೆ ಒಂದನ್ನೇ ನೋಡಿದರೆ ಹೊಗೆದಾರಿಗೆ ಹೊರಗಾಳಿ ಬೆರೆಸಿ ಅಂಕಿ ಇಳಿಸಬಹುದು, ಪ್ರತಿಶತ ಒಂದನ್ನೇ ನೋಡಿದರೆ ದೊಡ್ಡ ಕಾರ್ಖಾನೆ ತಪ್ಪಿಸಿಕೊಳ್ಳುತ್ತದೆ. ನಮ್ಮ ಇಂದಿನ ಸಮ್ಮತಿ ಪತ್ರಗಳಲ್ಲಿ ಸಾಮಾನ್ಯವಾಗಿ ಒತ್ತು ಸಾಂದ್ರತೆಗೆ. ಒಳಗೆ ಹೋದ ತೂಕ ಅಲ್ಲಿ ಹಿಂದೆ ಬಿದ್ದಿದೆ.

ಸ್ಮಿತ್ ಅವರ ಮೇಲೆ ಒಂದು ಆಕ್ಷೇಪವೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಅವರು ಮೊಕದ್ದಮೆ ಹೂಡಿದ್ದು ಬಲು ಕಡಿಮೆ. ತಿಳಿಹೇಳಿ ಸರಿಪಡಿಸುವುದೇ ಅವರ ದಾರಿ. ಗೋಪುರ ಕಟ್ಟುವುದು ಹೇಗೆಂದೇ ಹಲವು ಮಾಲೀಕರಿಗೆ ಗೊತ್ತಿಲ್ಲದಿದ್ದ ಮೊದಲ ವರ್ಷಗಳಲ್ಲಿ ಅದು ಸರಿಯಾದ ದಾರಿಯೇ ಆಗಿತ್ತು. ಕಲಿಸಿದ ಮೇಲೂ ಸೋರಿಸುವವನ ವಿಷಯದಲ್ಲಿ ಆ ಮೃದುತನ ಊರಿಗೆ ದುಬಾರಿಯಾಯಿತು ಎಂದೇ ನಮ್ಮ ಅಭಿಪ್ರಾಯ.

ಕಲ್ಲಿದ್ದಲ ಹೊಗೆಯನ್ನು ಮಾತ್ರ ಪುರಸಭೆಗಳ ಕೈಯಲ್ಲೇ ಬಿಟ್ಟರು. ಫಲ ಏನಾಯಿತೆಂದು ನೋಡಿದರೆ ಸಾಕು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆ ಕಪ್ಪು ಹೊಗೆ ಎಂದಷ್ಟೇ ಹೇಳಿದ್ದರಿಂದ ಇದು ಕಪ್ಪಲ್ಲ, ಗಾಢ ಕಂದು ಎಂಬ ವಾದಕ್ಕೂ ಕೋರ್ಟಿನಲ್ಲಿ ಜಾಗ ಸಿಕ್ಕಿತು. ಹೊಗೆಯ ಕಾರಣವೋ ಎಲ್ಲ ಬಾಯ್ಲರ್ ಕೆಲಸಗಾರರಿಗೂ ಗೊತ್ತಿದ್ದದ್ದು: ಒಂದೇ ಸಲಕ್ಕೆ ಹತ್ತಾರು ಸಲಿಕೆ ಇದ್ದಲು ಎರಚಿದರೆ ಅದರ ಅನಿಲವೆಲ್ಲ ಒಟ್ಟಿಗೆ ಹೊರಟು, ಗಾಳಿ ಸಾಲದೆ ಉರಿಯದೆ, ಮಸಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾಕಿ, ಹಾಕಿದ ಮೇಲೆ ಕೆಲಹೊತ್ತು ಬಾಗಿಲ ಗಾಳಿಕಿಂಡಿ ತೆರೆದಿಟ್ಟರೆ ಹೊಗೆ ಬಹುಪಾಲು ತಗ್ಗುತ್ತದೆ. ಆದರೆ ಮಗ್ಗಗಳನ್ನು ಹೆಚ್ಚಿಸಿ ಬಾಯ್ಲರ್ ಹೆಚ್ಚಿಸದ ಗಿರಣಿಯಲ್ಲಿ ಅಷ್ಟು ನಿಧಾನ ನಡೆಯದು. ದಂಡ ಹೊಸ ಬಾಯ್ಲರಿಗಿಂತ ಅಗ್ಗ. ನಮ್ಮ ದೇಶದಲ್ಲೂ ಕಲ್ಕತ್ತೆಯಲ್ಲಿ 1905ರ ಬಂಗಾಳ ಹೊಗೆ ಉಪದ್ರವ ಕಾಯ್ದೆಯಡಿ ಒಂದು ಆಯೋಗವೇ ಬಂದು, ಹೊಗೆಯ ಗಾಢತೆಯನ್ನು ರಿಂಗಲ್‌ಮನ್ ಪಟ್ಟಿಯೊಡನೆ (ಬಿಳಿಯಿಂದ ಕಪ್ಪಿನವರೆಗಿನ ಛಾಯೆಗಳ ಪಟ್ಟಿ) ಹೋಲಿಸಿ ಅಳೆಯುವ ಕ್ರಮ ಬಳಕೆಗೆ ಬಂತು.

ಪಾಲಿಕೆಯ ಸದಸ್ಯರಿಗೆ ಬರ್ಮಿಂಗ್‌ಹ್ಯಾಂ ಪ್ರಕರಣವನ್ನು ವಿಶೇಷವಾಗಿ ನೆನಪಿಸುತ್ತೇವೆ. ಅಲ್ಲಿ ಆರೋಪಿ ಪುರಸಭೆಯೇ. ಊರಿನ ಒಳಚರಂಡಿಯನ್ನೆಲ್ಲ ಟೇಮ್ ನದಿಗೆ ಬಿಟ್ಟಿದ್ದಕ್ಕೆ ಕೆಳದಂಡೆಯ ಜಮೀನುದಾರ ಚಾರ್ಲ್ಸ್ ಆ್ಯಡರ್ಲಿ ದಾವೆ ಹೂಡಿದರು. ಎರಡೂವರೆ ಲಕ್ಷ ಜನರ ಆರೋಗ್ಯಕ್ಕಾಗಿ ಇದು ಅನಿವಾರ್ಯ ಎಂದು ಪುರಸಭೆ ವಾದಿಸಿತು. ಜನಸಂಖ್ಯೆ ದೊಡ್ಡದು ಎಂಬ ಕಾರಣಕ್ಕೆ ಕೆಳಗಿನವನ ಹಕ್ಕು ಕಸಿಯಲಾಗದು ಎಂದು 1858ರಲ್ಲಿ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಚರಂಡಿ ನಿಮ್ಮದಾಗಿರುವಾಗ ನೀವು ಬರಿಯ ಕಾವಲುಗಾರರಲ್ಲ.

ಈಗ ನಮ್ಮೂರಿನ ಲೆಕ್ಕ. ಪೀಣ್ಯದಂಥ ಪ್ರದೇಶಗಳ ಪ್ಲೇಟಿಂಗ್ (ಲೋಹದ ಲೇಪ), ಗ್ಯಾಲ್ವನೈಸಿಂಗ್ (ಸತುವಿನ ಲೇಪ) ಘಟಕಗಳಲ್ಲಿ ತುಕ್ಕು ತೆಗೆಯುವ ಪಿಕ್ಲಿಂಗ್‌ಗೆ ಬಳಸುವುದು ಇದೇ ಹೈಡ್ರೋಕ್ಲೋರಿಕ್ ಆಮ್ಲ. ತೊಟ್ಟಿಯ ಮೇಲೆ ಅನಿಲವನ್ನು ತೊಳೆಯುವ ಸ್ಕ್ರಬ್ಬರ್ ಗಾಸೇಜನ ಗೋಪುರದ್ದೇ ಸಂತತಿ. 32 ಪ್ರತಿಶತದ 100 ಕೆಜಿ ಆಮ್ಲ ಕೊಂಡರೆ ಅದರಲ್ಲಿ 32 ಕೆಜಿ ಹೈಡ್ರೋಕ್ಲೋರಿಕ್ ಇರುತ್ತದೆ. ಅಷ್ಟನ್ನೂ ಸುಣ್ಣ ಹಾಕಿ ಪಿಎಚ್ 7ಕ್ಕೆ ತಂದರೂ 31 ಕೆಜಿ ಕ್ಲೋರೈಡ್ ನೀರಿನಲ್ಲೇ ಕರಗಿರುತ್ತದೆ. ಪಿಎಚ್ ಕಾಗದ ಹಸಿರಾದದ್ದರಿಂದ ಅದು ಮಾಯವಾಗುವುದಿಲ್ಲ, ಕೊಳವೆಬಾವಿಗೋ ಕೆರೆಗೋ ಹೋಗುತ್ತದೆ. ಆಮ್ಲದಲ್ಲಿ ಕರಗಿದ ಪ್ರತಿ 1 ಕೆಜಿ ಕಬ್ಬಿಣ ಸುಣ್ಣಕ್ಕೆ ಇಳಿದಾಗ ಒಣತೂಕದಲ್ಲಿ ಸುಮಾರು 1.9 ಕೆಜಿ ಹೈಡ್ರಾಕ್ಸೈಡ್ ಆಗುತ್ತದೆ, ಫಿಲ್ಟರ್ ಪ್ರೆಸ್ಸಿನಿಂದ ಬರುವ ಒದ್ದೆ ಕೇಕ್ ಅದರ ಮೂರ್ನಾಲ್ಕು ಪಟ್ಟು. ಅಂದರೆ ಆಮ್ಲದ ಬಿಲ್ಲು, ಸುಣ್ಣದ ಬಿಲ್ಲು, ತೊಟ್ಟಿಯಲ್ಲಿನ ಕಬ್ಬಿಣದ ಪರೀಕ್ಷೆ ಇವು ಮೂರು ಕೈಯಲ್ಲಿದ್ದರೆ ಈ ಘಟಕದಿಂದ ವರ್ಷಕ್ಕೆ ಎಷ್ಟು ಸ್ಲಡ್ಜ್ ಹೊರಡಲೇಬೇಕು ಎಂದು ಕುರ್ಚಿಯಲ್ಲಿ ಕೂತೇ ಹೇಳಬಹುದು. ಸಾಗಣೆಯ ದಾಖಲೆಯಲ್ಲಿ ಅದರ ಕಾಲು ಭಾಗ ಮಾತ್ರ ಇದ್ದರೆ ಉಳಿದದ್ದು ರಾತ್ರಿ ಯಾವುದೋ ರಾಜಕಾಲುವೆಗೆ ಹೋಗಿದೆಯೇ ಎಂದು ಕೇಳುವುದು ನಿಮ್ಮ ಕರ್ತವ್ಯ.

ಸ್ಕ್ರಬ್ಬರಿಗೂ ಇದೇ ಲೆಕ್ಕ. 1 ಕೆಜಿ ಹೈಡ್ರೋಕ್ಲೋರಿಕ್ ಹಿಡಿದು ತಟಸ್ಥ ಮಾಡಲು 1.1 ಕೆಜಿ ಕಾಸ್ಟಿಕ್ ಸೋಡಾ ಬೇಕು. ಸ್ಕ್ರಬ್ಬರ್ ವರ್ಷವಿಡೀ ಓಡಿದೆ ಎಂದು ಬರೆದು ಕಾಸ್ಟಿಕ್ ಕೊಂಡ ಬಿಲ್ಲೇ ಇಲ್ಲದಿದ್ದರೆ, ತೊಳೆದ ನೀರು ಬದಲಾದ ದಾಖಲೆಯೂ ಇಲ್ಲದಿದ್ದರೆ, ಅದು ಓಡಿಲ್ಲ ಅಥವಾ ಗಟ್ಟಿಯಾದ ಆಮ್ಲದ ನೀರನ್ನೇ ಸುತ್ತಿಸಿ ಅನಿಲವನ್ನು ಮರಳಿ ಗಾಳಿಗೆ ಬಿಟ್ಟಿದೆ. ನಾಝಲ್ ಕಟ್ಟಿದೆಯೇ, ಒಳಗಿನ ಪ್ಯಾಕಿಂಗ್ ಒಂದು ಬದಿಗೆ ಕುಸಿದಿದೆಯೇ ಎಂದು ತೆರೆದು ನೋಡಬೇಕು. ಪಂಪಿಗೆ ಪ್ರತ್ಯೇಕ ವಿದ್ಯುತ್ ಮೀಟರ್ ಹಾಕಿಸಿದರೆ ರಾತ್ರಿ ಪಾಳಿಯಲ್ಲಿ ನಿಲ್ಲಿಸಿದ್ದು ತಾನೇ ಗೊತ್ತಾಗುತ್ತದೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಪರಿಸರ ನಿಯಮಗಳಡಿ ಸೆಪ್ಟೆಂಬರ್ 30ರೊಳಗೆ ಸಲ್ಲಿಸುವ ಫಾರ್ಮ್ 5ರಲ್ಲಿ ನೀರು ಮತ್ತು ಕಚ್ಚಾವಸ್ತುವಿನ ಬಳಕೆ ಇದೆ, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರ ಫಾರ್ಮ್ 4ರಲ್ಲಿದೆ, ಸಾಗಣೆ ಫಾರ್ಮ್ 10ರಲ್ಲಿದೆ. ಇವು ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಪ್ರತಿ ಘಟಕಕ್ಕೂ ಒಂದು ಹಾಳೆಯಲ್ಲಿ ಕೊಂಡದ್ದು, ಮಾಲಿನೊಡನೆ ಹೋದದ್ದು, ಗಾಳಿ, ನೀರು, ಸ್ಲಡ್ಜ್, ತಾಳೆಯಾಗದೆ ಉಳಿದದ್ದು ಎಂಬ ಆರು ಅಂಕಣ ಬರೆಯಿರಿ. ಕೊನೆಯ ಅಂಕಣ ಯಾವ ಘಟಕದಲ್ಲಿ ದೊಡ್ಡದೋ ಅಲ್ಲಿಗೆ ಮೊದಲು, ಮುನ್ಸೂಚನೆಯಿಲ್ಲದೆ, ರಾತ್ರಿ ಹೋಗಿ. ಮಾದರಿ ತೆಗೆಯುವವರಿಗೆ ಆ ಘಟಕದವರಿಂದಾಗಲಿ ಅವರು ನೇಮಿಸಿದ ಪ್ರಯೋಗಾಲಯದಿಂದಾಗಲಿ ಹಣ ಸಂದಾಯವಾಗಬಾರದು. ಕೆಲಸಗಾರರ ಮೂಗಿನ ಮಟ್ಟದ ಗಾಳಿಯನ್ನೂ ಅದೇ ಭೇಟಿಯಲ್ಲಿ ಅಳೆಯಿರಿ. ಆ ಹಾಳೆಗಳನ್ನು ವಾರ್ಡ್‌ವಾರು, ಕನ್ನಡದಲ್ಲಿ, ಪಾಲಿಕೆಯ ವೆಬ್‌ಸೈಟಿನಲ್ಲಿ ಹಾಕಿ. ಪೀಣ್ಯದ ಪಿಕ್ಲಿಂಗ್ ಘಟಕಗಳಿಂದ ಈ ವರ್ಷವೇ ಶುರು ಮಾಡಬಹುದು. ಹಾಳೆಯ ನಮೂನೆ ಮಾಡಿಕೊಡಲು, ನಿಮ್ಮ ಸಿಬ್ಬಂದಿಗೆ ಲೆಕ್ಕ ಹಾಕುವ ಕ್ರಮ ಹೇಳಿಕೊಡಲು ನಾವು ಸಂಬಳವಿಲ್ಲದೆ ಬರಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ರಸಾಯನಶಾಸ್ತ್ರ, ಕೈಗಾರಿಕಾ ಎಂಜಿನಿಯರಿಂಗ್ ಮತ್ತು ನಗರ ಇತಿಹಾಸ ಕಲಿಸುವ ಕೆಲವು ಅಧ್ಯಾಪಕರು